ಕಿರ್ರೋ ಎನ್ನುವ ಕೊಂಡಿ

ನಾವು ಊರು ಬಿಟ್ಟು ಹೊರಟರೆ ನಮ್ಮ ಬೀದಿಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಪಿಕಪ್ ಟ್ರಕ್ಕು, ಅದರ ಬೆನ್ನಿಗೆ ಬಿದ್ದ ಇಪ್ಪತ್ತನಾಲ್ಕು ಅಡಿಯ ಟ್ರೇಲರ್ ಮನೆ, ಎರಡೂ ಬೀದಿಯ ಕೊನೆಯವರೆಗೆ ಬೆಕ್ಕಿನ ಹಾಗೆ ಸದ್ದಿಲ್ಲದೆ ಬರುತ್ತವೆ. ತಿರುವಿನಲ್ಲಿ ಸ್ಟಿಯರಿಂಗ್ ಹೊರಳಿಸಿದೆನೋ, ಇವೆರಡನ್ನೂ ಕೂಡಿಸಿರುವ ಕೊಂಡಿ ಬಾಯಿ ಬಿಡುತ್ತದೆ. ಮೊದಲು ಒಂದು ‘ಕಿರ್ರ್’. ಆಮೇಲೆ ಮುದಿ ಎಮ್ಮೆ ನರಳಿದ ಹಾಗೆ ಉದ್ದನೆಯ ‘ಗೊಂಯ್’. ಗಾಡಿ ನೆಟ್ಟಗಾಗುವಾಗ, ಯಾರೋ ಕಬ್ಬಿಣದ ಗೇಟಿಗೆ ಒದ್ದಂತೆ ‘ಢಣ್’. ಮೂಲೆಮನೆಯ ಅಜ್ಜಿ ಕಿಟಕಿಯಿಂದ ಕೈ ಬೀಸುತ್ತಾರೆ, ಅವರ ನಾಯಿ ಬೊಗಳುತ್ತದೆ. ನಮ್ಮ ಟೊಮೆಟೊ ಗಿಡಗಳಿಗೆ ನೀರು ಹಾಕುವ ಹೊಣೆ ಆ ಗಳಿಗೆಯಿಂದ ಅವರದು. ಬೇರೆ ಮಾತುಕತೆ ಇಲ್ಲ.

ನಾವಿರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಪಕ್ಕದ ಒಂದು ಊರಿನಲ್ಲಿ. ಕಾರು ತಯಾರಿಸುವವರ ಸೀಮೆ ಇದು. ಕಾರಿನ ಸದ್ದು ಅಡಗಿಸುವುದನ್ನೇ ಕಸುಬು ಮಾಡಿಕೊಂಡವರೂ ಇಲ್ಲಿದ್ದಾರೆ. ಬಾಗಿಲು ಹಾಕಿದಾಗ ‘ಧಪ್’ ಎನ್ನಬೇಕೋ ‘ಠಪ್’ ಎನ್ನಬೇಕೋ ಎಂದು ಸಂಬಳ ಎಣಿಸಿಕೊಂಡು ಚರ್ಚೆ ಮಾಡುವವರು. ಅಂಥವರೊಬ್ಬರು ಪಂಪ ಕನ್ನಡ ಕೂಟದ ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೇ ಸಿಕ್ಕಿದರು. ಬಿಡುತ್ತೇನೆಯೇ? ನನ್ನ ಕೊಂಡಿಯ ಪುರಾಣವನ್ನೆಲ್ಲ ಹೇಳಿ, ಮೂರೂ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದೆ. ಅವರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಪೂರ್ತಿ ಕೇಳಿ, “ಸಾರ್, ನಮ್ಮ ಡಿಪಾರ್ಟ್‌ಮೆಂಟು ಬಂಪರಿಗೆ ಮುಗಿಯುತ್ತೆ. ಅದರಾಚೆಗೆ ದೇವರಿದ್ದಾನೆ” ಎಂದುಬಿಟ್ಟರು.

ಟ್ರೇಲರ್ ಕೊಳ್ಳುವುದಕ್ಕೆ ಕಾರಣ ಒಗ್ಗರಣೆ. ನನ್ನ ಹೆಂಡತಿಗೆ ಹೊರಗಿನ ಊಟ ಎರಡು ದಿನಕ್ಕಿಂತ ಹೆಚ್ಚು ಸೇರುವುದಿಲ್ಲ. ಒಮ್ಮೆ ಹೋಟೆಲ್ ಕೋಣೆಯಲ್ಲಿ ಪುಟ್ಟ ಕರೆಂಟ್ ಒಲೆಯ ಮೇಲೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಲು ಹೋಗಿ, ಹೊಗೆಯ ಅಲಾರಂ ಬಡಿದುಕೊಂಡು, ಮೂರು ಮಹಡಿಯ ಜನ ರಾತ್ರಿ ಉಡುಪಿನಲ್ಲೇ ಇಳಿದು ಬಂದು ಪಾರ್ಕಿಂಗ್ ಜಾಗದಲ್ಲಿ ನಿಂತರು. ಬೆಂಕಿ ಆರಿಸುವವನೊಬ್ಬ ಘಾಟಿಗೆ ಸೀನುತ್ತಲೇ ನಮ್ಮ ಹೆಸರು ಬರೆದುಕೊಂಡ. ಇನ್ನು ಪ್ರವಾಸ ಹೊರಟರೆ ಅಡುಗೆಮನೆಯನ್ನು ಹಿಂದಕ್ಕೆ ಕಟ್ಟಿಕೊಂಡೇ ಹೊರಡುವುದು ಎಂದು ಆವತ್ತೇ ತೀರ್ಮಾನವಾಯಿತು. ಈ ಬುದ್ಧಿ ಮೊದಲು ನಮಗೇ ಬಂದದ್ದೇನಲ್ಲ. 1930ರ ದಶಕದಲ್ಲಿ ಏರ್‌ಸ್ಟ್ರೀಮ್ ಎಂಬ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಟ್ರೇಲರುಗಳನ್ನು ಶುರುಮಾಡಿದ ವಾಲಿ ಬಯಂ ಕೂಡ ಮೊದಲು ಡೇರೆ ಹಾಕಿದವನೇ; ನೆಲದ ಮೇಲೆ ಮಲಗುವುದು, ಅಡುಗೆಮನೆ ಇಲ್ಲದಿರುವುದು ಹೆಂಡತಿಗೆ ಒಪ್ಪದೆ ಚಕ್ರದ ಮೇಲೆ ಮನೆ ಕಟ್ಟಿದನೆಂದು ಕಥೆ. 1959ರಲ್ಲಿ ಅವನು ಕೇಪ್‌ಟೌನಿನಿಂದ ಕೈರೋಗೆ ಟ್ರೇಲರುಗಳ ಒಂದು ದಂಡನ್ನೇ ಕಟ್ಟಿಕೊಂಡು ಹೊರಟ. ಅದರ ಫೋಟೋಗಳು ಬಹಳ ಚಂದ. ಫೋಟೋದಲ್ಲಿ ಸದ್ದು ಬರುವುದಿಲ್ಲ.

ಟ್ರಕ್ಕಿನ ಹಿಂಬದಿಯಲ್ಲಿ ಬಂಪರಿನ ಕೆಳಗೆ ಚೌಕನೆಯ ಒಂದು ಕೊಳವೆ ಇರುತ್ತದೆ. ರಿಸೀವರ್ ಎನ್ನುತ್ತಾರೆ, ಎರಡಿಂಚಿನದು. ಅದರೊಳಕ್ಕೆ ತೂರುವ ಕಬ್ಬಿಣದ ತೋಳಿನ ತುದಿಯಲ್ಲಿ ಉಕ್ಕಿನ ಒಂದು ಗುಂಡು, ಮದುವೆಮನೆಯ ರವೆಉಂಡೆಯ ಗಾತ್ರದ್ದು. ಟ್ರೇಲರಿನ ಮೂತಿ ಆ ಗುಂಡಿನ ಮೇಲೆ ಟೋಪಿಯ ಹಾಗೆ ಕೂರುತ್ತದೆ. ಆರು ಸಾವಿರ ಪೌಂಡಿನ ಸಂಸಾರ, ಎಂದರೆ ಎರಡೂಮುಕ್ಕಾಲು ಟನ್ನಿನ ಹತ್ತಿರ, ಈ ಒಂದು ರವೆಉಂಡೆಯನ್ನು ನಂಬಿ ಹೆದ್ದಾರಿಗೆ ಇಳಿಯುತ್ತದೆ. ಎಳೆಯುವ ಮಾತು ಹಾಗಿರಲಿ, ಟ್ರೇಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಈ ಮೂತಿಯ ಮೇಲೇ ಕುಳಿತಿರಬೇಕು ಎಂದು ನಿಯಮ. ನಮ್ಮದರಲ್ಲಿ ಅದು ಮುನ್ನೂರು ಕಿಲೋ ದಾಟುತ್ತದೆ. ಎಪ್ಪತ್ತೈದು ಕಿಲೋದ ಭತ್ತದ ಮೂಟೆ ನಾಲ್ಕಕ್ಕೂ ಮೇಲೆ. ಅಷ್ಟು ಭಾರ ಬಿದ್ದರೆ ಟ್ರಕ್ಕಿನ ಹಿಂಭಾಗ ಕುಕ್ಕರಿಸಿ, ಮುಂದಿನ ಚಕ್ರಗಳು ಹಗುರಾಗಿ, ಸ್ಟಿಯರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ಅದಕ್ಕಾಗಿ ಕೊಂಡಿಯಿಂದ ಹಿಂದಕ್ಕೆ, ಟ್ರೇಲರಿನ ಕಟ್ಟಿನ ಎರಡೂ ಪಕ್ಕಕ್ಕೆ, ಎರಡು ಸ್ಪ್ರಿಂಗ್ ಬಾರುಗಳನ್ನು ಬಿಗಿಯಾಗಿ ಎತ್ತಿ ಕೂರಿಸುತ್ತಾರೆ. ತಳ್ಳುಗಾಡಿಯ ಹಿಡಿಗಳನ್ನು ಮೇಲಕ್ಕೆತ್ತಿದರೆ ಭಾರ ಮುಂದಿನ ಚಕ್ರಕ್ಕೆ ಹೋಗುತ್ತದಲ್ಲ, ಅದೇ ಉಪಾಯ.

ಸದ್ದಿನ ತವರು ಆ ಬಾರುಗಳು ಕೂರುವ ಜಾಗ. ಬಾರಿನ ತುದಿ ಒಂದು ಕಬ್ಬಿಣದ ಮೂಲೆಪಟ್ಟಿಯ ಮೇಲೆ ಕೂತಿರುತ್ತದೆ. ಉಕ್ಕಿನ ಮೇಲೆ ಉಕ್ಕು, ನಡುವೆ ಏನೂ ಇಲ್ಲ, ಮೇಲೆ ಮೂಟೆಗಟ್ಟಲೆ ಒತ್ತಡ. ನೆಟ್ಟಗೆ ಹೋಗುವಾಗ ತೆಪ್ಪಗಿರುತ್ತದೆ. ತಿರುವಿನಲ್ಲಿ ಬಾರು ಪಟ್ಟಿಯ ಮೇಲೆ ಜಾರಬೇಕು, ಆದರೆ ನುಣುಪಾಗಿ ಜಾರುವುದಿಲ್ಲ. ಕಚ್ಚಿಕೊಳ್ಳುತ್ತದೆ, ಬಿಡುತ್ತದೆ, ಮತ್ತೆ ಕಚ್ಚಿಕೊಳ್ಳುತ್ತದೆ. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವುದೂ ಇದನ್ನೇ. ಕಮಾನಿನ ಕೂದಲಿಗೆ ರಾಳ ತಿಕ್ಕುವುದು ತಂತಿಯನ್ನು ಅದು ಕಚ್ಚಿ ಕಚ್ಚಿ ಬಿಡಲಿ ಎಂದೇ. ಕಮಾನಿಗೆ ಎಣ್ಣೆ ಸವರಿ ಕೊಟ್ಟಿದ್ದರೆ ಚೌಡಯ್ಯನವರ ಏಳು ತಂತಿಯ ಪಿಟೀಲೂ ಮೂಕಾಗುತ್ತಿತ್ತು. ಶಾಸ್ತ್ರವಾಗಿ ಹೇಳುವುದಾದರೆ ನನ್ನ ಕೊಂಡಿಯೂ ಪಿಟೀಲಿನ ಕುಲದ್ದೇ. ಈ ವಾದವನ್ನು ಹೆಂಡತಿಯ ಮುಂದೆ ಒಂದೇ ಸಲ ಮಂಡಿಸಿದ್ದೇನೆ.

ಮಿಷಿಗನ್ನಿನವರು ಈ ಪಿಟೀಲಿಗೆ ಸರಿಯಾದ ರಸ್ತೆಯನ್ನೂ ಕಟ್ಟಿಕೊಟ್ಟಿದ್ದಾರೆ. ಇಲ್ಲಿನ ಎಷ್ಟೋ ದೊಡ್ಡ ರಸ್ತೆಗಳಲ್ಲಿ ಸಿಗ್ನಲ್ಲಿನಲ್ಲಿ ಸೀದಾ ಎಡಕ್ಕೆ ತಿರುಗುವ ಹಾಗಿಲ್ಲ. ಸಿಗ್ನಲ್ ದಾಟಿ ಮುಂದೆ ಹೋಗಿ, ನಡುವಿನ ಹುಲ್ಲುಪಟ್ಟಿಯಲ್ಲಿ ಬಿಟ್ಟ ಕಂಡಿಯಲ್ಲಿ ಪೂರಾ ಸುತ್ತಿ ಹಿಂದಕ್ಕೆ ಬಂದು, ಆಮೇಲೆ ಬಲಕ್ಕೆ ತಿರುಗಬೇಕು. ಇದಕ್ಕೆ ‘ಮಿಷಿಗನ್ ಲೆಫ್ಟ್’ ಎಂದೇ ಹೆಸರು. ಟ್ರೇಲರ್ ಎಳೆಯುವವನಿಗೆ ಅದು ಒಂದು ಆವರ್ತನ ತುಂಬಾ ಗಮಕ. ಪಕ್ಕದ ಕಾರಿನ ಮಕ್ಕಳು ಗಾಜಿಳಿಸಿ ಕೇಳುತ್ತಾರೆ.

ಹಾಗೆಂದು ನಾನೇನು ಕೈಕಟ್ಟಿ ಕೂತಿರಲಿಲ್ಲ. ‘ಢಣ್’ ಎನ್ನುವುದಕ್ಕೆ ಕಾರಣ ರಿಸೀವರಿನಲ್ಲಿ ತೋಳಿಗಿರುವ ಕೂದಲೆಳೆಯಷ್ಟು ಸಡಿಲ ಎಂದು ಗೊತ್ತಾಯಿತು. ಬ್ರೇಕ್ ಹಾಕಿದಾಗ ಮುಂದಕ್ಕೆ, ಬಿಟ್ಟಾಗ ಹಿಂದಕ್ಕೆ ತೋಳು ತನ್ನ ಪಿನ್ನಿಗೆ ಡಿಕ್ಕಿ ಹೊಡೆಯುತ್ತದೆ. ಅದನ್ನು ಅಲುಗಾಡದಂತೆ ಬಿಗಿಯುವ ಯು ಆಕಾರದ ಒಂದು ಬೋಲ್ಟ್ ಸಿಗುತ್ತದೆ, ಹಾಕಿದೆ. ‘ಢಣ್’ ಇಳಿದು ‘ಟಕ್’ ಆಯಿತು. ಗುಂಡಿಗೆ ಗ್ರೀಸ್ ಮೆತ್ತಿದೆ. ಅದರಿಂದ ಗುಂಡಿನ ಮೇಲಿನ ನರಳಾಟ ತಗ್ಗಿತು. ಜೊತೆಗೆ ನನ್ನ ಎಲ್ಲ ಪ್ಯಾಂಟುಗಳಿಗೂ ಬಲಗಾಲಿನ ಮೊಣಕಾಲ ಕೆಳಗೆ ಅಂಗೈಯಗಲದ ಕರಿ ಮಚ್ಚೆ ಬಂತು. ಎಷ್ಟೇ ಹುಷಾರಾಗಿ ದಾಟಿ, ಹತ್ತು ಸಲಕ್ಕೆ ಒಂಬತ್ತು ಸಲ ಕಾಲು ಆ ಗುಂಡಿಗೆ ಸವರದೆ ಇರುವುದಿಲ್ಲ. ಕ್ಯಾಂಪಿನಲ್ಲಿ ಯಾರದಾದರೂ ಪ್ಯಾಂಟು ನೋಡಿದರೆ ಸಾಕು, ಇವನು ಟ್ರೇಲರಿನವನೋ ಡೇರೆಯವನೋ ಹೇಳಬಲ್ಲೆ.

ಉಳಿದದ್ದು ಆ ‘ಕಿರ್ರ್’. ಅದಕ್ಕೂ ಒಂದು ಸವರು ಗ್ರೀಸ್ ಸಾಕಿತ್ತು. ಕೈಪಿಡಿ ತೆಗೆದು ನೋಡಿದರೆ, ದಪ್ಪಕ್ಷರದಲ್ಲಿ ಕೂಡದು ಎಂದಿದೆ. ಟ್ರೇಲರ್ ಬಾಲ ಅಲ್ಲಾಡಿಸದಂತೆ ಹಿಡಿದಿಡುವುದೇ ಆ ಒಣ ತಿಕ್ಕಾಟವಂತೆ. ಕಿರುಚುವ ಜಾಗವೂ ಕಾಯುವ ಜಾಗವೂ ಒಂದೇ. ಮೆತ್ತನೆ ಪಟ್ಟಿಗಳನ್ನು ಕೂರಿಸಿದ, ಮಾತೇ ಆಡದ ಕೊಂಡಿಗಳೂ ಉಂಟು. ಅವುಗಳ ಬೆಲೆ ಕೇಳಿ ನಾನೂ ಮಾತಾಡಲಿಲ್ಲ.

ಇಷ್ಟರಲ್ಲಿ ಊರಿನಿಂದ ಅಪ್ಪ ಬಂದ.

ಮಂಡ್ಯದ ಹತ್ತಿರದ ಹಳ್ಳಿ ನಮ್ಮದು. ಅಪ್ಪನಿಗೆ ಎಂಬತ್ತೆರಡು. ವಯಸ್ಸಿನಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಗೆ, 1933ರಲ್ಲಿ ಶುರುವಾದ ಮೈಷುಗರ್‌ಗೆ, ಎತ್ತಿನ ಗಾಡಿಯಲ್ಲಿ ಕಬ್ಬು ಹೊಡೆದವನು. ಕಾರ್ಖಾನೆ ಮುಂದೆ ಸಾಲು ಸಿಗಬೇಕಾದರೆ ರಾತ್ರಿಯೇ ಗಾಡಿ ಕಟ್ಟಬೇಕು. ಎತ್ತುಗಳಿಗೆ ದಾರಿ ಗೊತ್ತು. ಅಪ್ಪ ಕಬ್ಬಿನ ಹೊರೆಯ ಮೇಲೆ ಕಂಬಳಿ ಹೊದ್ದು ಮಲಗಿಬಿಡುತ್ತಿದ್ದನಂತೆ. ಗಾಡಿಯ ಅಚ್ಚು ಕಿರ್ರೋ ಎನ್ನುತ್ತಿರುವವರೆಗೂ ನಿದ್ದೆ. ಸದ್ದು ನಿಂತಿತೋ ತಟ್ಟನೆ ಎಚ್ಚರ. ಎತ್ತು ನಿಂತಿವೆ, ಇಲ್ಲವೇ ಕಡಾಣಿ ಬಿದ್ದಿದೆ, ಇಲ್ಲವೇ ಯಾರೋ ಹಿಂದಿನಿಂದ ಕಬ್ಬು ಎಳೆಯುತ್ತಿದ್ದಾರೆ.

ಮೊದಲ ಸಲ ಟ್ರೇಲರ್ ನೋಡಿದವನು ಒಳಗಿನ ಹಾಸಿಗೆ, ಫ್ರಿಜ್ಜು, ಕಕ್ಕಸು ಯಾವುದಕ್ಕೂ ಬೆರಗಾಗಲಿಲ್ಲ. ನೇರ ಮುಂದಕ್ಕೆ ಬಂದು, ಮಂಡಿಗೆ ಕೈ ಕೊಟ್ಟು ಬಗ್ಗಿ, ಕೊಂಡಿ ನೋಡಿದ. “ಗಾಡಿ ಮೂಕಿ ಇದೇನ್ಲಾ?” ಅಂದ. ಹೌದೆಂದೆ. ಮೂತಿಯ ಮೇಲೆ ಎಷ್ಟು ಭಾರ ಕೂರಬೇಕೆಂಬ ಲೆಕ್ಕ, ಅದು ಕಡಿಮೆಯಾದರೆ ಏನಾಗುತ್ತದೆಂಬ ವಿವರ, ನಾನು ಮೂರು ತಿಂಗಳು ಓದಿ ಕಲಿತದ್ದು, ಎಲ್ಲವನ್ನೂ ಹೇಳಿದೆ. ಅಪ್ಪ ಅರ್ಧಕ್ಕೇ ತಡೆದ. “ಹಿಂಬಾರ ಆಗ್ಬಾರ್ದು ಅಂತ ತಾನೆ? ಅದ್ಕೆ ಯಾಕಿಷ್ಟು ಎಳೀತೀಯ? ಹಿಂಬಾರ ಆದ್ರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳು ಬಿಗೀತದೆ. ಮುಂಬಾರ ಜಾಸ್ತಿ ಆದ್ರೆ ಎತ್ತು ಮಂಡಿ ಊರ್ತವೆ. ಒಂಚೂರು ಮುಂಬಾರ ಇರ್ಬೇಕು ಕಣ್ಲಾ, ಒಂಚೂರು.” ನೂರಕ್ಕೆ ಹತ್ತರಿಂದ ಹದಿನೈದು ಎಂದು ಇಲ್ಲಿ ಪುಸ್ತಕ ಅಚ್ಚು ಹಾಕಿಸಿದ್ದಾರೆ, ಅದು ಆ ‘ಒಂಚೂರು’.

ಆಮೇಲೆ ನನ್ನ ಪ್ಯಾಂಟಿನ ಮಚ್ಚೆ ಅವನ ಕಣ್ಣಿಗೆ ಬಿತ್ತು. ಬೆರಳಿನಿಂದ ಮುಟ್ಟಿ, ಮೂಗಿಗೆ ಹಿಡಿದು ನೋಡಿದ. “ಕೀಲೆಣ್ಣೆ!” ಅಂದ. ಅವನ ಮುಖ ಅಷ್ಟು ಅರಳಿದ್ದನ್ನು ನಯಾಗರದ ಮುಂದೆಯೂ ನಾನು ಕಂಡಿರಲಿಲ್ಲ. ಹುಲ್ಲು ಸುಟ್ಟ ಕರಿಗೆ ಹರಳೆಣ್ಣೆ ಕಲಸಿ ನಮ್ಮ ಮನೆಯಲ್ಲಿ ಕೀಲೆಣ್ಣೆ ಮಾಡುತ್ತಿದ್ದುದು, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ನೇತುಹಾಕುತ್ತಿದ್ದುದು ನನಗೂ ಮಸಕಾಗಿ ನೆನಪಿದೆ. ಅಪ್ಪನ ಪಂಚೆಗಳಲ್ಲೂ ಈ ಕರಿ ಇತ್ತು, ಅವ್ವ ಎಷ್ಟು ಒಗೆದರೂ ಹೋಗದೆ.

ಜುಲೈ ಕೊನೆಯಲ್ಲಿ ಮೂವರೂ ಉತ್ತರಕ್ಕೆ ಹೊರಟೆವು. ಹೆಂಡತಿ ಮುಂದೆ, ಅಪ್ಪ ಟ್ರಕ್ಕಿನ ಹಿಂದಿನ ಸೀಟಿನಲ್ಲಿ. ಬೀದಿಯ ತಿರುವಿನಲ್ಲಿ ಎಂದಿನಂತೆ ‘ಕಿರ್ರ್’. ಅಪ್ಪ ಸೀಟಿನಿಂದ ಅರ್ಧ ಎದ್ದ.

“ಏನ್ಲಾ ಅದು?”

“ಏನಿಲ್ಲಪ್ಪ, ಹಿಚ್ಚು. ಅದು ಹಂಗೇ.”

“ಹಂಗೇ ಅಂದ್ರೆ? ಎಣ್ಣೆ ಕಾಣದೆ ಎಷ್ಟು ದಿನ ಆಯ್ತು?”

“ಅಲ್ಲಿಗೆ ಎಣ್ಣೆ ಹಾಕಂಗಿಲ್ಲ.”

ಅಪ್ಪ ಸುಮ್ಮನಾದ. ಕನ್ನಡಿಯಲ್ಲಿ ನೋಡಿದೆ, ಮಗ ದನಕ್ಕೆ ನೀರು ತೋರಿಸದೆ ಕಟ್ಟಿಹಾಕಿದ್ದಾನೆ ಎಂದು ಗೊತ್ತಾದವರ ಮುಖ. ಹೆಂಡತಿ ಬೇರೆ, “ನಾನೂ ಅದೇ ಹೇಳ್ತಿದ್ದೀನಿ ಮಾವ, ನನ್ನ ಮಾತು ಎಲ್ಲಿ ಕೇಳ್ತಾರೆ” ಎಂದು ಪಕ್ಷ ಕಟ್ಟಿದಳು.

ಆ ರಾತ್ರಿ ಗ್ರೇಲಿಂಗ್ ಹತ್ತಿರದ ಹಾರ್ಟ್‌ವಿಕ್ ಪೈನ್ಸ್ ಉದ್ಯಾನದಲ್ಲಿ ತಂಗುವುದಿತ್ತು. ಮಿಷಿಗನ್ನಿನ ಕಾಡನ್ನೆಲ್ಲ ಹತ್ತೊಂಬತ್ತನೇ ಶತಮಾನದಲ್ಲಿ ಕಡಿದು ಮುಗಿಸಿದಾಗ ಹೇಗೋ ಉಳಿದುಕೊಂಡ ಒಂದಿಷ್ಟು ಹಳೆಯ ಬಿಳಿ ಪೈನ್ ಮರಗಳು ಅಲ್ಲಿವೆ. ನಾವು ತಲುಪಿದಾಗ ಹತ್ತೂಕಾಲು. ರಾತ್ರಿ ಹತ್ತರ ಮೇಲೆ ಕ್ಯಾಂಪಿನಲ್ಲಿ ಸದ್ದು ಮಾಡಬಾರದು. ಟ್ರೇಲರನ್ನು ಹಿಮ್ಮುಖವಾಗಿ ನಮ್ಮ ಜಾಗಕ್ಕೆ ನುಗ್ಗಿಸಬೇಕು. ಹಿಂದಕ್ಕೆ, ಮುಂದಕ್ಕೆ, ಎಡಕ್ಕೆ, ಬಲಕ್ಕೆ. ನೆಮ್ಮದಿಯಾಗಿ ನಿಂತಿದ್ದ ಮರಗಳ ಕೆಳಗೆ ನನ್ನ ಕೊಂಡಿ ಅರ್ಧ ಗಂಟೆ ಕಛೇರಿ ನಡೆಸಿತು. ಒಂದೊಂದೇ ಟ್ರೇಲರಿನಲ್ಲಿ ದೀಪ ಹತ್ತಿದವು. ಕೊನೆಗೆ ಪಕ್ಕದ ಜಾಗದಿಂದ ಒಬ್ಬ ದಢೂತಿ ಅಜ್ಜ, ಚಡ್ಡಿಯಲ್ಲಿ, ಹಣೆಗೆ ಟಾರ್ಚ್ ಕಟ್ಟಿಕೊಂಡು ಹೊರಬಂದ. ಬೈಗುಳ ತಿನ್ನಲು ಸಿದ್ಧನಾದೆ. ಅವನು ಒಂದು ಮಾತೂ ಆಡದೆ ಕೊಂಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಎದುರಿಗೆ ಅಪ್ಪ ಆಗಲೇ ಕೂತಿದ್ದ.

ಅಪ್ಪನಿಗೆ ಇಂಗ್ಲಿಷ್ ಬಾರದು. ಅಪ್ಪ ಬಾರಿನ ತುದಿ ತೋರಿಸಿ “ಕಿರ್ರ್” ಅಂದ. ಅಜ್ಜ ತಲೆಯಾಡಿಸಿ “ಕ್ರೀಕ್” ಅಂದ. ಅಪ್ಪ ಗುಂಡು ತೋರಿಸಿ “ಟಕ್” ಅಂದ. ಅಜ್ಜ ಬೆರಳೆತ್ತಿ “ಕ್ಲಂಕ್” ಎಂದು ತಿದ್ದಿದ. ಹೀಗೆ ಹತ್ತು ನಿಮಿಷ. ನಾನು ಅಷ್ಟು ವರ್ಷದಿಂದ ಅಮೆರಿಕದಲ್ಲಿದ್ದೂ ಯಾವ ಪಕ್ಕದವನೊಡನೆಯೂ ಅಷ್ಟು ಹೊತ್ತು ಮಾತಾಡಿರಲಿಲ್ಲ. ಅಜ್ಜ ಎದ್ದುಹೋಗಿ, ಬರ್ಗರ್ ಸುತ್ತಿಕೊಡುವ ಮೇಣದ ಕಾಗದಗಳನ್ನು ನೀಟಾಗಿ ಮಡಿಚಿದ್ದ ಒಂದು ಕಂತೆ ತಂದುಕೊಟ್ಟ: ಬಾರಿನ ಕೆಳಗೊಂದು ಸಿಕ್ಕಿಸಿದರೆ ಅದು ಹರಿಯುವವರೆಗೆ ಮೌನ, ಹರಿದ ಮೇಲೆ ಇನ್ನೊಂದು ಬರ್ಗರ್ ತಿನ್ನುವುದು. ಅಪ್ಪ ಪ್ರತಿಯಾಗಿ ಕೋಡುಬಳೆ ಡಬ್ಬಿ ತಂದ. ಅಜ್ಜ ಒಂದನ್ನು ಕಚ್ಚಿ, ಆ ಸದ್ದನ್ನು ಆಲಿಸಿ, ಇನ್ನೊಂದು ತೆಗೆದುಕೊಂಡ. ಕಾಗದವನ್ನು ನಾನು ಕೈಪಿಡಿಯ ಮೇಲಿನ ಭಕ್ತಿಯಿಂದ ಜೇಬಿಗೆ ಹಾಕಿಕೊಂಡೆ. ಅಪ್ಪ ಅದನ್ನೂ ನೋಡಿದ.

ಬೆಳಿಗ್ಗೆ ಎದ್ದಾಗ ಅಪ್ಪ ಎಂದಿಗಿಂತ ಹುರುಪಾಗಿದ್ದ. ಕೈ ತೊಳೆದು ತೊಳೆದು ಪಂಚೆಗೆ ಒರೆಸಿಕೊಳ್ಳುತ್ತಿದ್ದ. ಕ್ಯಾಂಪಿನಿಂದ ಹೊರಬೀಳುವ ಮೊದಲ ತಿರುವಿನಲ್ಲಿ ನಾನು ಅಭ್ಯಾಸದಂತೆ ಭುಜ ಕುಗ್ಗಿಸಿ ಕಾದೆ. ಸದ್ದಿಲ್ಲ. ಎರಡನೆಯ ತಿರುವು, ಸದ್ದಿಲ್ಲ. ಹೆಂಡತಿ ನನ್ನ ಕಡೆ ನೋಡಿದಳು. ಇಬ್ಬನಿಯಿಂದ ಇರಬೇಕು ಎಂದೆ. ಅವಳು ಎಷ್ಟೋ ಪ್ರವಾಸಗಳಲ್ಲಿ ಮೊದಲ ಬಾರಿಗೆ ಹಾಡು ಹಾಕಿದಳು. ನಾನೂ ತಾಳ ಹಾಕಿದೆ. ಹಿಂದೆ ಅಪ್ಪ ಮಾತ್ರ ಹಾಡು ಕೇಳಿಸಿಕೊಳ್ಳುತ್ತಿರಲಿಲ್ಲ, ಸದ್ದಿಲ್ಲದಿರುವುದನ್ನು ಕೇಳಿಸಿಕೊಳ್ಳುತ್ತಿದ್ದ.

ಐ-75 ಹೆದ್ದಾರಿಯಲ್ಲಿ ಅರ್ಧ ಗಂಟೆ ಹೋಗಿರಬಹುದು. ಪಡುವಣದಿಂದ ಗಾಳಿ ಎದ್ದಿತ್ತು. ಹದಿನೆಂಟು ಚಕ್ರದ ಲಾರಿಯೊಂದು ನಮ್ಮನ್ನು ದಾಟಿತು. ಅಂಥ ಲಾರಿ ಪಕ್ಕಕ್ಕೆ ಬಂದಾಗ ಅದು ತಳ್ಳಿಕೊಂಡು ಬರುವ ಗಾಳಿ ಮೊದಲು ಟ್ರೇಲರಿನ ಹಿಂಭಾಗವನ್ನು ದೂಡುತ್ತದೆ, ಅದು ದಾಟಿಹೋಗುವಾಗ ಒಳಕ್ಕೆ ಎಳೆಯುತ್ತದೆ. ದಿನಾ ಆಗುವುದೇ, ಕೊಂಡಿ ಒಂದು ಸಲ ‘ಕಿರ್’ ಎಂದು ಹಿಡಿದುಕೊಳ್ಳುತ್ತಿತ್ತು. ಈ ಸಲ ಹಿಡಿಯಲಿಲ್ಲ. ಕನ್ನಡಿಯಲ್ಲಿ ನಮ್ಮ ಮನೆ ಬಲಕ್ಕೆ ಹೋಯಿತು. ಆಮೇಲೆ ಎಡಕ್ಕೆ ಬಂತು. ಆಮೇಲೆ ಬಲಕ್ಕೆ, ಮೊದಲಿಗಿಂತ ಜಾಸ್ತಿ. ಟ್ರಕ್ಕಿನ ಹಿಂಭಾಗವೂ ಅದರ ಜೊತೆ ಸೊಂಟ ಕುಣಿಸತೊಡಗಿತು. ಒಳಗೆ ಪಾತ್ರೆಗಳು ಬಿದ್ದ ಸದ್ದು ಇಲ್ಲಿಗೇ ಕೇಳಿಸಿತು. ಇಂಥ ಹೊತ್ತಿನಲ್ಲಿ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ, ಹೋಗಕೂಡದು. ಸ್ಟಿಯರಿಂಗನ್ನು ನೆಟ್ಟಗೆ ಹಿಡಿದು, ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ಟ್ರೇಲರಿನ ಬ್ರೇಕನ್ನಷ್ಟೇ ಕೈಯಿಂದ ಒತ್ತಬೇಕು. ಒತ್ತಿದೆ. ಮನೆ ಇನ್ನೆರಡು ಸಲ ಓಲಾಡಿ ಸಾಲಿಗೆ ಬಂತು. ಹಾಡು ಹೇಳುತ್ತಿದ್ದವರು ಮಾತ್ರ ಏನೂ ಆಗದಂತೆ ಚರಣಕ್ಕೆ ಬಂದಿದ್ದರು.

ಮುಂದಿನ ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿ ಇಳಿದೆ. ಮೂಲೆಪಟ್ಟಿಗಳು ಫಳಫಳ ಹೊಳೆಯುತ್ತಿದ್ದವು. ಬೆರಳಿಟ್ಟೆ, ಅಂಟಂಟು. ಮೂಸಿದೆ. ಆ ವಾಸನೆ ಗೊತ್ತಿಲ್ಲದವರು ನಮ್ಮೂರಲ್ಲಿ ಹುಟ್ಟಿರಲಾರರು. ಅಷ್ಟರಲ್ಲಿ ಟ್ರೇಲರಿನ ಒಳಗೆ ಬಿದ್ದದ್ದನ್ನೆಲ್ಲ ಎತ್ತಿಡುತ್ತಿದ್ದ ಹೆಂಡತಿ ಬಾಗಿಲಿಗೆ ಬಂದು, “ರೀ, ಎಣ್ಣೆಸ್ನಾನಕ್ಕೆ ಅಂತ ತಂದಿದ್ದ ಹರಳೆಣ್ಣೆ ಬಾಟ್ಲು ಖಾಲಿ. ಚೆಲ್ಲಿದ ಗುರುತೂ ಇಲ್ಲ” ಎಂದಳು. ಮೂವರೂ ಸ್ವಲ್ಪ ಹೊತ್ತು ಹೆದ್ದಾರಿಯ ಕಡೆ ನೋಡುತ್ತಾ ನಿಂತೆವು.

ಹರಳೆಣ್ಣೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಮೊದಲನೇ ಮಹಾಯುದ್ಧದ ಎಷ್ಟೋ ವಿಮಾನಗಳ ಇಂಜಿನ್ ಓಡಿದ್ದು ಅದೇ ಎಣ್ಣೆಯ ಮೇಲೆ. ಪೆಟ್ರೋಲ್ ಬಂಕಿನಲ್ಲಿ ಕಾಣುವ ಕ್ಯಾಸ್ಟ್ರಾಲ್ ಎಂಬ ಹೆಸರಿನೊಳಗೆ ಇರುವುದೂ ಕ್ಯಾಸ್ಟರ್, ಎಂದರೆ ನಮ್ಮ ಹರಳೇ. ಅಷ್ಟು ಒಳ್ಳೆಯ ಎಣ್ಣೆಯಾದ್ದರಿಂದಲೇ ಅದು ಎಷ್ಟು ಒರೆಸಿದರೂ ಹೋಗಲಿಲ್ಲ. ಬ್ರೇಕ್ ತೊಳೆಯುವ ಸ್ಪ್ರೇ ಪೂರಾ ಒಂದು ಡಬ್ಬಿ, ಒಂದು ಹಳೆಯ ಟವೆಲ್, ಮುಕ್ಕಾಲು ಗಂಟೆ ಹಿಡಿಯಿತು. ಅಪ್ಪ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. ಬೈಯಬೇಕೆಂದು ಹೋದವನು ಪಕ್ಕದಲ್ಲಿ ಕೂತೆ.

“ಅಪ್ಪ, ಅದು ಅಚ್ಚಲ್ಲ. ಇಳಿಜಾರಲ್ಲಿ ಚಕ್ರಕ್ಕೆ ಒತ್ತುತ್ತಲ್ಲ ಮರದ ಬ್ರೇಕ್ ಕಟ್ಟೆ, ಆ ಥರದ್ದು.”

ಅಪ್ಪ ತಿರುಗಿ ನನ್ನನ್ನೇ ನೋಡಿದ. “ಬ್ರೇಕ್ ಕಟ್ಟೆಯಾ?”

“ಹೂಂ.”

“ಬ್ರೇಕ್ ಕಟ್ಟೆಗೆ ಎಣ್ಣೆ ಹಚ್ಚೋಕೆ ನಾನೇನು ಮುಟ್ಠಾಳನಾ? ಹಂಗಂತ ನಿನ್ನೆನೇ ಬಾಯಿಬಿಟ್ಟು ಹೇಳೋಕೇನಾಗಿತ್ತು? ಹಾಕಂಗಿಲ್ಲ ಅಂದ್ರೆ ಯಾವನಿಗೆ ತಿಳೀತದೆ!” ಎಂದು ತಪ್ಪನ್ನು ನನ್ನ ಹೆಗಲಿಗೇ ಹಾಕಿ ಎದ್ದ. ಯೋಚಿಸಿ ನೋಡಿದರೆ ತಪ್ಪು ನನ್ನದೇ. ಮೂರು ತಿಂಗಳು ಓದಿದ್ದನ್ನು ಒಂದು ಮಾತಿನಲ್ಲಿ ಹೇಳಲು ನನಗೆ ಆ ಬೆಂಚಿನವರೆಗೆ ಬರಬೇಕಾಯಿತು. ಹೊರಡುವಾಗ ಪಾರ್ಕಿಂಗಿನ ತಿರುವಿನಲ್ಲಿ ‘ಕಿರ್ರ್’ ಎಂದಿತು. ಹೆಂಡತಿ “ಅಬ್ಬ” ಎಂದು ಸೀಟಿಗೊರಗಿದಳು. ಹಾಡು ಆರಿಸಿದವಳೂ ಅವಳೇ.

ಮಿಷಿಗನ್ ಎರಡು ತುಂಡಾಗಿರುವ ರಾಜ್ಯ. ನಡುವೆ ಸರೋವರಗಳು ಕೂಡುವ ಜಲಸಂಧಿ, ಅದರ ಮೇಲೆ ಮ್ಯಾಕಿನಾ ಸೇತುವೆ. ಬರೆಯುವಾಗ ಕೊನೆಗೊಂದು ಕಕಾರವಿದೆ, ಅದನ್ನು ಉಚ್ಚರಿಸಿದರೆ ಹೊರಗಿನವನೆಂದು ಗೊತ್ತಾಗುತ್ತದೆ. 1957ರಲ್ಲಿ ತೆರೆದದ್ದು, ಉದ್ದ ಎಂಟು ಕಿಲೋಮೀಟರ್. ಅಪ್ಪನ ಅಳತೆಯಲ್ಲಿ ಮೂರು ಕನ್ನಂಬಾಡಿ ಕಟ್ಟೆ. ಗಾಳಿ ಜೋರಿದ್ದರೆ ನಮ್ಮಂಥ ಎತ್ತರದ ಟ್ರೇಲರುಗಳನ್ನು ಸೇತುವೆಯವರೇ ಬೆಂಗಾವಲು ಗಾಡಿ ಕೊಟ್ಟು ದಾಟಿಸುತ್ತಾರೆ. ಆವತ್ತು ಅಷ್ಟೇನೂ ಇರಲಿಲ್ಲ. ಆದರೆ ಹೊರಸಾಲಿನಲ್ಲಿ ರಿಪೇರಿ ನಡೆದಿದ್ದರಿಂದ ಎಲ್ಲರನ್ನೂ ಒಳಸಾಲಿಗೆ ಬಿಟ್ಟಿದ್ದರು. ನಡುಭಾಗದಲ್ಲಿ ಒಳಸಾಲಿಗೆ ಡಾಂಬರೇ ಇಲ್ಲ. ಬರೀ ಉಕ್ಕಿನ ಜಾಲರಿ. ಕೆಳಗೆ ಇನ್ನೂರು ಅಡಿಯಲ್ಲಿ ನೀರು ಕಾಣುತ್ತದೆ. 1940ರಲ್ಲಿ ಟಕೋಮಾ ಸೇತುವೆ ತೆರೆದ ನಾಲ್ಕೇ ತಿಂಗಳಿಗೆ ಗಾಳಿಗೆ ಓಲಾಡಿ ಓಲಾಡಿ ಕುಸಿದು ಬಿದ್ದಿತ್ತು. ಆ ಭಯಕ್ಕೆ ಇಲ್ಲಿಯ ಇಂಜಿನಿಯರ್ ಡೇವಿಡ್ ಸ್ಟೈನ್‌ಮನ್ ಗಾಳಿ ತೂರಿಹೋಗಲೆಂದು ರಸ್ತೆಯಲ್ಲೇ ಕಂಡಿ ಬಿಟ್ಟ. ಬೆಳಿಗ್ಗೆಯಷ್ಟೇ ಓಲಾಡಿ ಬಂದವನಿಗೆ ಸ್ಟೈನ್‌ಮನ್ನನ ಮೇಲೆ ದೊಡ್ಡ ಗೌರವ ಹುಟ್ಟಿತು.

ಜಾಲರಿಯ ಮೇಲೆ ಚಕ್ರ ಏರಿದ್ದೇ ತಡ, ಸೇತುವೆಯೇ ಹಾಡತೊಡಗಿತು. ಸಾವಿರ ತಂಬೂರಿಯನ್ನು ಒಟ್ಟಿಗೆ ಮೀಟಿದ ಹಾಗೆ ‘ಗುಂಯ್ಯ್’ ಎಂಬ ನಾದ ಸೀಟಿನ ಮೂಲಕ ಬೆನ್ನುಹುರಿಗೆ ಹತ್ತುತ್ತದೆ. ಅದರಲ್ಲಿ ನನ್ನ ಕೊಂಡಿಯ ದನಿ ಎಲ್ಲಿ ಹೋಯಿತೋ. ಹೆಂಡತಿ ಕಣ್ಣು ಮುಚ್ಚಿ ರಾಮ ರಾಮ ಎನ್ನುತ್ತಿದ್ದಳು. ಅಪ್ಪ ಗಾಜಿಗೆ ಕಿವಿಯಿಟ್ಟು, “ಇದಕ್ಕೂ ಎಣ್ಣೆ ಹಾಕಂಗಿಲ್ವೇನ್ಲಾ?” ಎಂದ.

ನಾವು ನೋಡಲು ಹೊರಟಿದ್ದ ಟಕ್ವಾಮೆನಾನ್ ಜಲಪಾತದ ಬಗ್ಗೆ ಬರೆಯುವುದು ಹೆಚ್ಚಿಲ್ಲ. ಹದಿನೈದು ಮೀಟರಿನಷ್ಟು ಬೀಳುವ ನೀರು. ಸೀಡರ್ ಜೌಗುಗಳ ಒಗರು ಇಳಿದು ಕಂದು ಬಣ್ಣ. ಅಪ್ಪ “ಡಿಕಾಕ್ಷನ್ನು” ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಮಳೆಗಾಲದ ಗಗನಚುಕ್ಕಿ ಕಂಡವನಿಗೆ ಬೇರೆ ಜಲಪಾತ ತೋರಿಸಬಾರದು. ಅವನು ಆ ಮೂರು ದಿನ ಕ್ಯಾಂಪಿನಲ್ಲಿ ಬರುವ ಹೋಗುವ ಟ್ರೇಲರುಗಳ ಕೊಂಡಿಗಳನ್ನು ಕುರ್ಚಿ ಹಾಕಿಕೊಂಡು ಕೂತು ಕೇಳಿದ. ಎರಡನೇ ದಿನಕ್ಕೆ ಕಣ್ಣು ಮುಚ್ಚಿಯೇ ಹೇಳುತ್ತಿದ್ದ: ಇದು ಸಡ್ಲ, ಇದಕ್ಕೆ ಹಿಂಬಾರ, ಇದು ಹೊಸಾದು, ಇನ್ನೂ ಬಾಯಿ ಬಂದಿಲ್ಲ.

ವಾಪಸು ಬರುವ ದಿನ ಮಧ್ಯಾಹ್ನವಿಡೀ ಮಳೆ. ಮಳೆಯಲ್ಲಿ ಬಾರುಗಳು ಒದ್ದೆಯಾಗಿ ಸದ್ದು ತಗ್ಗಿ ಹೋಯಿತು. ನಾನು ವೇಗ ತಗ್ಗಿಸಿ, ಎರಡೂ ಕೈ ಬಿಗಿಹಿಡಿದು, ಲಾರಿಗಳಿಗೆಲ್ಲ ದಾರಿ ಬಿಡುತ್ತಾ ಬಂದೆ. ಡೆಟ್ರಾಯಿಟ್ ಹತ್ತಿರವಾಗುವ ಹೊತ್ತಿಗೆ ಮಳೆ ಬಿಟ್ಟು ರಸ್ತೆ ಒಣಗಿತ್ತು. ಹೆದ್ದಾರಿ ಇಳಿದು ಮೊದಲ ಮಿಷಿಗನ್ ಲೆಫ್ಟ್ ಸುತ್ತಿದೆ. ‘ಕಿರ್ರ್... ಗೊಂಯ್...’ ಎಂದು ರಾಗ ಶುರುವಾಯಿತು. ಕನ್ನಡಿಯಲ್ಲಿ ನೋಡಿದರೆ, ಅಷ್ಟು ಹೊತ್ತೂ ಎಚ್ಚರವಾಗಿ ಕೂತು ಬಂದಿದ್ದ ಅಪ್ಪ ಕತ್ತು ವಾಲಿಸಿ ಗೊರಕೆ ಹೊಡೆಯುತ್ತಿದ್ದ. ಮುಂದೆ ಎಷ್ಟು ತಿರುವು ಬಂದವೋ, ಕೊಂಡಿ ಎಷ್ಟು ಅರಚಿತೋ, ಗೊರಕೆ ನಿಲ್ಲಲಿಲ್ಲ. ಮೂಲೆಮನೆಯ ಅಜ್ಜಿಯ ನಾಯಿ ಬೊಗಳಿತು. ಮನೆಯ ಮುಂದೆ ನಿಲ್ಲಿಸಿ ಇಂಜಿನ್ ಆರಿಸಿದೆ.

ಅಪ್ಪ ಧಡಕ್ಕನೆ ಎದ್ದು ಕೂತ.

“ಯಾಕ್ಲಾ? ಏನಾಯ್ತು?”

“ಏನಿಲ್ಲಪ್ಪ. ಮನೆ ಬಂತು.”

ಅಪ್ಪ ಕಣ್ಣುಜ್ಜಿಕೊಂಡು ಇಳಿದ. ಹಿಂದಕ್ಕೆ ಹೋಗಿ ಬಗ್ಗಿ ಕೊಂಡಿಯ ಪಿನ್ನು ಇದೆಯೇ ಎಂದು ಮುಟ್ಟಿ ನೋಡಿದ. ಏಳುವಾಗ ಹೊಸ ಪಂಚೆ ಗುಂಡಿಗೆ ಸವರಿತು. ಒಂದು ಕ್ಷಣ ಕರಿ ಮಚ್ಚೆಯನ್ನೇ ನೋಡಿ, ಸೊಸೆ ಆಗಲೇ ಬಾಗಿಲು ತೆಗೆಯುತ್ತಿರುವುದನ್ನು ಕಂಡು, ಆ ಮಗ್ಗುಲು ಒಳಕ್ಕೆ ಬರುವಂತೆ ಪಂಚೆ ತಿರುಗಿಸಿ ಉಟ್ಟುಕೊಂಡ.